ತಲಾ ಒಂಬೈನೂರು ಕಿಲೋ: ಯಾರ ತಲೆಯ ಲೆಕ್ಕ?

ಕಳೆದ ತಿಂಗಳು ನಮ್ಮೂರ ಗಿರಣಿಯ ಗೇಟಿನ ಮುಂದೆ, ಪಾಳಿ ಬಿಡುವ ಹೊತ್ತಿಗೆ, ಒಂದು ಸಭೆ ನಡೆಯಿತು. ವಿದ್ಯುತ್ತಿನ ದರದ ವಿಚಾರವಾಗಿ ನಾಲ್ಕು ಮಾತು ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮಾತಿನ ಭರದಲ್ಲಿ, “ಈ ದೇಶದಲ್ಲಿ ಈಗ ವರ್ಷವೊಂದಕ್ಕೆ ತಲೆಗೆ ಸುಮಾರು 900 ಕಿಲೋ ಕಲ್ಲಿದ್ದಲು ಖರ್ಚಾಗುತ್ತಿದೆ” ಎಂದು ಹೇಳಿದೆ. ನೂಲಿನ ಖಾತೆಯಲ್ಲಿ ದುಡಿಯುವ ಒಬ್ಬ ಗೆಳೆಯ ಹಿಂದಿನ ಸಾಲಿನಿಂದ ಕೈ ಎತ್ತಿದ. “ಮೇಷ್ಟ್ರೇ, ನಮ್ಮ ಮನೆಯಲ್ಲಿ ಐದು ತಲೆ. ನಿಮ್ಮ ಲೆಕ್ಕದಲ್ಲಿ ನಾಲ್ಕೂವರೆ ಟನ್ನು ಆಯಿತು. ನಮ್ಮ ಮನೆ ಬಾಗಿಲಿಗೆ ಒಂದು ಬುಟ್ಟಿ ಇದ್ದಲೂ ಬಂದುದನ್ನು ನಾನು ಕಾಣೆ. ಅದು ಎಲ್ಲಿ ಇಳಿಯಿತು?” ಎಂದು ಕೇಳಿದ.

ಜನ ನಕ್ಕರು. ನಾನೂ ನಕ್ಕು, “ನಿನ್ನ ಮನೆಯ ಕರೆಂಟಿನಲ್ಲಿ ಬರುತ್ತದಪ್ಪ” ಎಂದೆ. “ನನ್ನದು ತಿಂಗಳಿಗೆ ಅರವತ್ತು ಯೂನಿಟ್ಟು. ಅಷ್ಟಕ್ಕೆ ನಾಲ್ಕೂವರೆ ಟನ್ನು ಬೇಕೆ?” ಎಂದು ಅವನು ಮರುಪ್ರಶ್ನೆ ಹಾಕಿದ. ಉತ್ತರ ನನ್ನ ಬಳಿ ಇರಲಿಲ್ಲ. ಹತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು ಗೇಟಿನ ಮುಂದೆ ಲೆಕ್ಕದಲ್ಲಿ ಸೋತು ಮನೆಗೆ ಬಂದೆ. ಆ ರಾತ್ರಿಯೂ ಮುಂದಿನ ಹಲವು ರಾತ್ರಿಗಳೂ ಕುಳಿತು ಮಾಡಿದ ಲೆಕ್ಕವನ್ನು ಇಲ್ಲಿ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇನೆ. ತಪ್ಪಿದ್ದರೆ ತಿದ್ದಬೇಕು.

ಮೊದಲು ‘ಸರಾಸರಿ’ ಎಂಬ ಮಾತನ್ನು ತಿಳಿದುಕೊಳ್ಳೋಣ. ನಾನು ಶಾಲೆಯಲ್ಲಿದ್ದಾಗ ಇನ್ಸ್‌ಪೆಕ್ಟರು ಬಂದರೆ ಹಾಜರಿಯ ಸರಾಸರಿ ಕೇಳುತ್ತಿದ್ದರು. ಐವತ್ತು ಮಕ್ಕಳಿಗೆ ನಲವತ್ತು ಎಂದು ಬರೆದುಕೊಡುತ್ತಿದ್ದೆ. ಸಾಹೇಬರು ತೃಪ್ತರಾಗಿ ಹೋಗುತ್ತಿದ್ದರು. ದಿನವೂ ಬರದೆ ಇರುತ್ತಿದ್ದ ಆ ಹತ್ತು ಮಕ್ಕಳು ಮಾತ್ರ ಯಾವಾಗಲೂ ಅದೇ ಹತ್ತು ಮಕ್ಕಳು. ಕಳೆ ಕೀಳಲು, ದನ ಕಾಯಲು ಹೋಗುವ ಮನೆಗಳವು. ಸರಾಸರಿಯಲ್ಲಿ ಅವರ ಹೆಸರು ಬರುತ್ತಿರಲಿಲ್ಲ. ನಾನು ಬರೆದುಕೊಟ್ಟ ಅಂಕಿ ಸುಳ್ಳಾಗಿರಲಿಲ್ಲ, ಆದರೆ ತಿಳಿಯಬೇಕಾದ ಸಂಗತಿಯೂ ಅದರಲ್ಲಿ ಇರಲಿಲ್ಲ. ಕಲ್ಲಿದ್ದಲಿನ ತಲಾ ಲೆಕ್ಕವೂ ಇಂಥದೇ.

ಏರಿದ ಬಗೆ

ಭಾರತದಲ್ಲಿ ವ್ಯಾಪಾರಕ್ಕೆಂದು ಕಲ್ಲಿದ್ದಲು ತೆಗೆಯುವುದು ಪ್ರಾರಂಭವಾದುದು 1774ರಲ್ಲಿ, ಬಂಗಾಳದ ರಾಣಿಗಂಜಿನಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಇಬ್ಬರು ಬಿಳಿಯರು ಅದನ್ನು ಆರಂಭಿಸಿದರು. ಮುಂದೆ ಎಂಬತ್ತು ವರ್ಷ ಅದಕ್ಕೆ ಹೇಳಿಕೊಳ್ಳುವಂಥ ಗಿರಾಕಿ ಇರಲಿಲ್ಲ. 1853ರಲ್ಲಿ ರೈಲು ಬಂತು. ಉಗಿಯಂತ್ರದ ಹೊಟ್ಟೆಗೆ ಇದ್ದಲು ಬೇಕಾಯಿತು. 1900ರ ಹೊತ್ತಿಗೆ ವರ್ಷಕ್ಕೆ 61 ಲಕ್ಷ ಟನ್ನು, 1920ರ ಹೊತ್ತಿಗೆ 1 ಕೋಟಿ 80 ಲಕ್ಷ ಟನ್ನು, 1946ರಲ್ಲಿ 3 ಕೋಟಿ ಟನ್ನು ಹೊರಬಂತು. ಅಂದಿನ ಜನಸಂಖ್ಯೆಯಿಂದ ಭಾಗಿಸಿದರೆ 1900ರಲ್ಲಿ ತಲೆಗೆ ಇಪ್ಪತ್ತು ಇಪ್ಪತ್ತೈದು ಕಿಲೋ. ಅದರಲ್ಲಿಯೂ ದೊಡ್ಡ ಪಾಲು ರೈಲಿನದು, ಉಳಿದುದು ಸೆಣಬಿನ ಮತ್ತು ಹತ್ತಿಯ ಗಿರಣಿಗಳದು. ರೈತನ ಒಲೆಯಲ್ಲಿ ಅಂದು ಉರಿಯುತ್ತಿದ್ದುದು ಸೌದೆ ಮತ್ತು ಬೆರಣಿ.

ಸ್ವಾತಂತ್ರ್ಯ ಬಂದ ಮೇಲೆ ಮೊದಲ ಪಂಚವಾರ್ಷಿಕ ಯೋಜನೆಯ ಹೊತ್ತಿಗೆ ಉತ್ಪಾದನೆ ಸುಮಾರು 3 ಕೋಟಿ 30 ಲಕ್ಷ ಟನ್ನು. 1951ರ ಜನಗಣತಿಯಂತೆ ನಾವು 36 ಕೋಟಿ ಜನ. ಭಾಗಿಸಿದರೆ ತಲೆಗೆ 90 ಕಿಲೋ. 1971ರಲ್ಲಿ 55 ಕೋಟಿ ಜನಕ್ಕೆ 7 ಕೋಟಿ 30 ಲಕ್ಷ ಟನ್ನು. ತಲೆಗೆ 130 ಕಿಲೋ ಚಿಲ್ಲರೆ. ಅಷ್ಟರಲ್ಲಿ ಖಾಸಗಿ ಗಣಿ ಮಾಲೀಕರು ಸುಲಭವಾದ ಇದ್ದಲನ್ನು ಕೆರೆದು, ಕಷ್ಟದ್ದನ್ನು ನೆಲದಲ್ಲಿಯೇ ಬಿಟ್ಟು, ಕೂಲಿಗಾರನ ಜೀವಕ್ಕೆ ಬೆಲೆಯೇ ಇಲ್ಲವೆಂಬಂತೆ ನಡೆದುಕೊಂಡಿದ್ದರು. 1965ರ ಮೇ ತಿಂಗಳಲ್ಲಿ ಢೋರಿ ಗಣಿಯ ಸ್ಫೋಟದಲ್ಲಿ ಎರಡೂವರೆ ನೂರಕ್ಕೂ ಹೆಚ್ಚು ಜನ ಸತ್ತರು. 1971ರಿಂದ 1973ರ ಒಳಗೆ ಗಣಿಗಳು ರಾಷ್ಟ್ರೀಕರಣವಾದವು. 1975ರಲ್ಲಿ ಕೋಲ್ ಇಂಡಿಯಾ ಸ್ಥಾಪನೆಯಾಯಿತು. ಮಾಲೀಕನ ಹೆಸರು ಬದಲಾದ ಮಾತ್ರಕ್ಕೆ ಎಲ್ಲ ಸರಿಹೋಗಲಿಲ್ಲವೆಂಬುದನ್ನೂ ಹೇಳಬೇಕು. ಅದೇ 1975ರ ಡಿಸೆಂಬರ್ 27ರಂದು ಚಾಸನಾಲಾ ಗಣಿಗೆ ನೀರು ನುಗ್ಗಿ 375 ಕಾರ್ಮಿಕರು ಮುಳುಗಿದರು. ಆ ಗಣಿ ಸರಕಾರದ ಆಡಳಿತದಲ್ಲಿಯೇ ಇತ್ತು.

1991ರಲ್ಲಿ 84 ಕೋಟಿ ಜನಕ್ಕೆ 21 ಕೋಟಿ ಟನ್ನು. ತಲೆಗೆ 250 ಕಿಲೋ. 2011ರಲ್ಲಿ ದೇಶದ 53 ಕೋಟಿ ಟನ್ನಿಗೆ ಹೊರದೇಶದಿಂದ ತಂದ ಸುಮಾರು 7 ಕೋಟಿ ಟನ್ನು ಸೇರಿ, 121 ಕೋಟಿ ಜನಕ್ಕೆ ತಲಾ ಅರ್ಧ ಟನ್ನು. 2024-25ರಲ್ಲಿ ದೇಶದ ಉತ್ಪಾದನೆ ಮೊದಲ ಸಲ 100 ಕೋಟಿ ಟನ್ನು ದಾಟಿ ಸುಮಾರು 105 ಕೋಟಿಯಾಯಿತು. ಆಮದು 24 ಕೋಟಿ. ನೂರನಲವತ್ತೈದು ಕೋಟಿ ಜನರಿಂದ ಭಾಗಿಸಿದರೆ 900 ಕಿಲೋ. ಗೇಟಿನ ಮುಂದೆ ನಾನು ಹೇಳಿದ ಅಂಕಿ ಇದೇ.

ಈ ಏರಿಕೆಯಲ್ಲಿ ಒಂದನ್ನು ಗಮನಿಸಬೇಕು. 1951ರಿಂದ ನಲವತ್ತು ವರ್ಷಗಳಲ್ಲಿ ತಲಾ ಕಲ್ಲಿದ್ದಲು ಮೂರು ಪಟ್ಟೂ ಆಗಲಿಲ್ಲ. 1991ರ ತರುವಾಯದ ಮೂವತ್ತನಾಲ್ಕು ವರ್ಷಗಳಲ್ಲಿ ಮೂರೂವರೆ ಪಟ್ಟಾಯಿತು. ಈ ಮೂವತ್ತನಾಲ್ಕು ವರ್ಷಗಳಲ್ಲಿಯೇ ಅಲ್ಲವೆ ನಮ್ಮ ನಾಡಿನ ಎಷ್ಟೋ ಹತ್ತಿ ಗಿರಣಿಗಳ ಚಿಮಣಿ ತಣ್ಣಗಾದುದು? ದೇಶದ ಬೆಂಕಿ ಹೆಚ್ಚುತ್ತಿರುವಾಗ ನಮ್ಮ ಬೆಂಕಿ ಆರಿದುದು ಹೇಗೆ ಎಂದು ಗಿರಣಿಯ ಗೆಳೆಯ ಕೇಳಿದರೆ ಅದನ್ನು ಉದ್ಧಟತನ ಎನ್ನಲಾಗದು.

ಹೊರಗೊಂದು ಮಾತು, ಒಳಗೊಂದು ಮಾತು

ಈಗ ಬೇರೆ ದೇಶಗಳ ಲೆಕ್ಕ ನೋಡೋಣ. ಬ್ರಿಟನ್ನಿನಲ್ಲಿ 1913ರಲ್ಲಿ ಸುಮಾರು 29 ಕೋಟಿ ಟನ್ನು ಕಲ್ಲಿದ್ದಲು ತೆಗೆದರು. ರಫ್ತು ಕಳೆದು ಉಳಿದುದನ್ನು ಆಗಿನ ನಾಲ್ಕೂವರೆ ಕೋಟಿ ಜನಕ್ಕೆ ಹಂಚಿದರೆ ತಲೆಗೆ ನಾಲ್ಕು ಟನ್ನು. 1956ರಲ್ಲಿ ಆ ದೇಶದ ಬಳಕೆ ತುತ್ತತುದಿಗೆ ಹೋಯಿತು: 22 ಕೋಟಿ ಟನ್ನು, ತಲೆಗೆ ನಾಲ್ಕು ಟನ್ನಿಗೂ ಮೇಲೆ. ಅಮೆರಿಕದಲ್ಲಿ 2005ರ ಸುಮಾರಿಗೆ ತಲೆಗೆ ಮೂರು ಟನ್ನು ಮೀರಿತ್ತು; ಈಗ ಒಂದು ಟನ್ನಿಗೆ ತುಸು ಮೇಲೆ. ಚೀನದಲ್ಲಿ ಈಗ ಮೂರು ಟನ್ನಿಗೂ ಹೆಚ್ಚು. ನಮ್ಮದು ಇಷ್ಟೆಲ್ಲ ಏರಿದರೂ 900 ಕಿಲೋ. ಅದೂ ನಮ್ಮ ಇದ್ದಲು ಬೂದಿ ಹೆಚ್ಚಾದ ಇದ್ದಲು; ಒಂದು ಟನ್ನು ಸುಟ್ಟರೆ ಮುನ್ನೂರು ನಾನ್ನೂರು ಕಿಲೋ ಬೂದಿಯೇ ಉಳಿಯುತ್ತದೆ. ಅಂದರೆ ಅವರ ಟನ್ನಿನಷ್ಟು ಶಾಖ ನಮ್ಮ ಟನ್ನಿಗೆ ಇಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. 1913ರಲ್ಲಿ ಲಂಕಾಷೈರಿನ ಗಿರಣಿಗಳು ಸುಮಾರು 700 ಕೋಟಿ ಗಜ ಬಟ್ಟೆ ರಫ್ತು ಮಾಡಿದವು. ಅದರಲ್ಲಿ 300 ಕೋಟಿ ಗಜದಷ್ಟು ಬಂದುದು ಭಾರತಕ್ಕೆ. ಆ ಬಟ್ಟೆಗಾಗಿ ಸುಟ್ಟ ಇದ್ದಲು ಇಂಗ್ಲಿಷರ ತಲೆಯ ಲೆಕ್ಕಕ್ಕೆ ಹೋಯಿತು. ಉಟ್ಟವರು ನಾವು, ಕೆಲಸ ಕಳೆದುಕೊಂಡವನು ನಮ್ಮ ನೇಕಾರ, ಲಾಭ ತೆಗೆದವನು ಅಲ್ಲಿಯ ಮಾಲೀಕ. ತಲಾ ಲೆಕ್ಕವು ಬೆಂಕಿ ಎಲ್ಲಿ ಉರಿಯಿತು ಎಂಬುದನ್ನಷ್ಟೇ ಹೇಳುತ್ತದೆ. ಇಂದು ಚೀನದಲ್ಲಿಯೂ ನಮ್ಮಲ್ಲಿಯೂ ಉಕ್ಕು, ಬಟ್ಟೆ, ಸಾಮಾನು ತಯಾರಾಗಿ ಶ್ರೀಮಂತ ದೇಶಗಳಿಗೆ ಹೋಗುವಾಗ ಅದೇ ಸಂಗತಿ ತಿರುಗುಮುರುಗಾಗಿ ನಡೆಯುತ್ತಿದೆ.

ಆದುದರಿಂದ 2021ರ ನವೆಂಬರಿನಲ್ಲಿ ಗ್ಲಾಸ್ಗೋ ನಗರದ ಹವಾಮಾನ ಸಮ್ಮೇಳನದಲ್ಲಿ, ಕಲ್ಲಿದ್ದಲನ್ನು ‘ಪೂರ್ತಿ ನಿಲ್ಲಿಸುವುದು’ ಎಂಬ ಮಾತನ್ನು ತೆಗೆದು ‘ಕ್ರಮೇಣ ತಗ್ಗಿಸುವುದು’ ಎಂದು ತಿದ್ದಿಸಿದ ನಮ್ಮ ಸರಕಾರದ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಇನ್ನೂರು ವರ್ಷ ನಾಲ್ಕು ಟನ್ನಿನವರೆಗೆ ಉರಿಸಿ ಮನೆ ಕಟ್ಟಿಕೊಂಡವನು, ಈಗ ಒಂದು ಟನ್ನೂ ಮುಟ್ಟದವನಿಗೆ ಹೊಗೆಯ ಪಾಠ ಹೇಳುವುದು ನ್ಯಾಯವಲ್ಲ. ಜಗತ್ತಿನ ಪಂಚಾಯಿತಿಯಲ್ಲಿ ತಲಾ ಲೆಕ್ಕ ಕೇಳುವುದು ಸರಿಯೇ.

ಆದರೆ ಹೊರಗೆ ತಲಾ ಲೆಕ್ಕ ಕೇಳಿದ ಸರಕಾರ ಒಳಗೆ ಬಂದ ಕೂಡಲೆ ಆ ಲೆಕ್ಕವನ್ನು ಮಡಚಿ ಇಡುತ್ತದೆ. ಶ್ರೀಮಂತ ದೇಶಕ್ಕೂ ಬಡ ದೇಶಕ್ಕೂ ನಡುವೆ ಇರುವ ಭೇದವೇ ಶ್ರೀಮಂತ ಮನೆಗೂ ಬಡ ಮನೆಗೂ ನಡುವೆ ಇಲ್ಲವೆ? ಅಲ್ಲಿ ಬಡವನ ಹೆಸರಿನಲ್ಲಿ ವಾದ ಮಾಡಿ ತಂದ ಅವಕಾಶವನ್ನು ಇಲ್ಲಿ ಯಾರು ಬಳಸುತ್ತಿದ್ದಾರೆ?

ಈ ಪ್ರಶ್ನೆ ಹೊಸದಲ್ಲ. 1963ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಡಾ. ಲೋಹಿಯಾ ಅವರು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆಂದು ಎದ್ದು ನಿಂತು ಹೇಳಿದರು. ಸರಕಾರದ ಕಡೆಯವರು ಹದಿನೈದು ಆಣೆಯ ಲೆಕ್ಕ ಮುಂದಿಟ್ಟರು. ಹದಿನೈದು ಆಣೆ ಎಲ್ಲರನ್ನೂ ಕೂಡಿಸಿ ಭಾಗಿಸಿದ ಅಂಕಿ. ಕೆಳಗಿನವನ ಕೈಗೆ ಏನು ಬರುತ್ತದೆಂಬುದು ಲೋಹಿಯಾ ಅವರ ಪ್ರಶ್ನೆ. ಕಲ್ಲಿದ್ದಲಿನ ವಿಷಯದಲ್ಲಿ ಇಂದು ಅದೇ ಪ್ರಶ್ನೆ ಕೇಳಬೇಕಾಗಿದೆ.

ಮನೆಯ ಲೆಕ್ಕ

ಕಲ್ಲಿದ್ದಲಿನಿಂದ ಒಂದು ಯೂನಿಟ್ಟು ವಿದ್ಯುತ್ತು ತೆಗೆಯಲು ನಮ್ಮ ಸ್ಥಾವರಗಳಲ್ಲಿ ಸುಮಾರು 700 ಗ್ರಾಮು ಇದ್ದಲು ಬೇಕು. ನೂಲಿನ ಖಾತೆಯ ಗೆಳೆಯನದು ತಿಂಗಳಿಗೆ 60 ಯೂನಿಟ್ಟು, ವರ್ಷಕ್ಕೆ 720. ಅಷ್ಟೂ ಕಲ್ಲಿದ್ದಲಿನಿಂದಲೇ ಬಂತೆಂದು ಹಿಡಿದರೂ ಐನೂರು ಕಿಲೋ. ಐದು ತಲೆಗೆ ಹಂಚಿದರೆ ತಲಾ ನೂರು ಕಿಲೋ. ಶರಾವತಿಯ ನೀರಿನ ವಿದ್ಯುತ್ತು, ಗಾಳಿ, ಬಿಸಿಲಿನ ವಿದ್ಯುತ್ತು ಇವೆಲ್ಲ ನಮ್ಮ ತಂತಿಯಲ್ಲಿ ಸೇರಿರುವುದರಿಂದ ನಿಜವಾದ ಲೆಕ್ಕ ಇನ್ನೂ ಕಡಿಮೆ. ಸರಾಸರಿ ಹೇಳುವುದು ಒಂಬೈನೂರು. ಅವನ ಮನೆಯಲ್ಲಿ ಉರಿದುದು ನೂರಕ್ಕೂ ಕೆಳಗೆ.

ಇನ್ನೊಂದು ಮನೆ ನೋಡಿ. ಮಲಗುವ ಕೋಣೆಗೆ ತಂಪು ಯಂತ್ರ ಹಾಕಿಸಿದವರು ರಾತ್ರಿ ಎಂಟು ಗಂಟೆ ಅದನ್ನು ಓಡಿಸಿದರೆ ಎಂಟೋ ಹತ್ತೋ ಯೂನಿಟ್ಟು ಖರ್ಚು. ಅಂದರೆ ಆರೇಳು ಕಿಲೋ ಕಲ್ಲಿದ್ದಲು. ಬೇಸಗೆಯ ನೂರು ರಾತ್ರಿಗೆ ಆರುನೂರು ಕಿಲೋ. ಒಂದು ಕೋಣೆಯ ಒಂದು ಬೇಸಗೆಯ ತಂಪು, ಐದು ಜನರ ಸಂಸಾರದ ವರ್ಷವಿಡೀ ಬೆಳಕು, ಫ್ಯಾನು, ಮಿಕ್ಸಿಗಿಂತ ಹೆಚ್ಚು. ತಂಪಿನಲ್ಲಿ ಮಲಗಬಾರದೆಂದು ನಾನು ಹೇಳುತ್ತಿಲ್ಲ. ತಗಡಿನ ಸೂರಿನ ಕೆಳಗೆ ಮಲಗುವವನಿಗೆ ಅದು ಇನ್ನೂ ಹೆಚ್ಚು ಬೇಕು. ಇಬ್ಬರನ್ನೂ ಒಂದೇ ತಲೆಯಾಗಿ ಎಣಿಸಬಾರದೆಂಬುದಷ್ಟೇ ನನ್ನ ಮಾತು.

ಉಳಿದ ಎಂಟುನೂರು ಕಿಲೋ ಎಲ್ಲಿ? ದೇಶದ ಕಲ್ಲಿದ್ದಲಿನಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ವಿದ್ಯುತ್ ಸ್ಥಾವರಗಳಿಗೆ ಹೋಗುತ್ತದೆ. ಆ ವಿದ್ಯುತ್ತಿನಲ್ಲಿ ಬಹುಪಾಲು ಕಾರ್ಖಾನೆ, ಕಚೇರಿ, ದೊಡ್ಡ ಮಳಿಗೆ, ಪಂಪುಸೆಟ್ಟು, ರೈಲು ಇವುಗಳಿಗೆ. ಮಿಕ್ಕ ಇದ್ದಲು ಉಕ್ಕಿಗೆ, ಸಿಮೆಂಟಿಗೆ, ಇಟ್ಟಿಗೆಯ ಭಟ್ಟಿಗೆ. ನ್ಯಾಯವಾಗಿ ಹೇಳಬೇಕಾದರೆ ಇದೆಲ್ಲವೂ ನಮ್ಮಿಂದ ಕದ್ದುದಲ್ಲ. ಗಿರಣಿಯ ಕದಿರು ತಿರುಗುವುದೂ ಇದರಿಂದಲೇ. ಆ ಕದಿರಿನ ಕೂಲಿಯಿಂದಲೇ ನಮ್ಮ ಗೆಳೆಯನ ಮನೆಯ ಒಲೆ ಉರಿಯುತ್ತದೆ. ಊರಿನ ಸೇತುವೆಯ ಸಿಮೆಂಟಿನಲ್ಲಿ, ಸರಕಾರಿ ಆಸ್ಪತ್ರೆಯ ಕಂಬಿಯಲ್ಲಿ ನಮ್ಮೆಲ್ಲರ ಪಾಲು ಇದೆ. ಆದರೆ ಸೇತುವೆಗೆ ಹೋದುದೆಷ್ಟು, ನೂರು ಕಾರು ನಿಲ್ಲುವ ಗಾಜಿನ ಮಾಲಿಗೆ ಹೋದುದೆಷ್ಟು, ಎಂಬ ಲೆಕ್ಕವನ್ನು ಯಾರೂ ಜನರ ಮುಂದೆ ಇಟ್ಟಿಲ್ಲ.

ನಮ್ಮ ನಾಡಿನ ಮಟ್ಟಿಗೆ ಇದು ತೀರ ಹೊಸ ವಿಷಯ. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದುದು ಕಾವೇರಿಯ ನೀರಿನ ವಿದ್ಯುತ್ತು. 1923ರಲ್ಲಿ ಆರಂಭವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಬಹುಕಾಲ ಮಲೆನಾಡಿನ ಮರದ ಇದ್ದಲನ್ನೇ ನಂಬಿತ್ತು. ಜೋಗ, ಆಮೇಲೆ ಶರಾವತಿ ನಮಗೆ ಬೆಳಕು ಕೊಟ್ಟವು. ಅದಕ್ಕಾಗಿ ಮುಳುಗಿದ ಹಳ್ಳಿಗಳ ಕಥೆ ಬೇರೆಯೇ ಇದೆ. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಘಟಕ ಉರಿಯತೊಡಗಿದ ಮೇಲೆಯೇ ಈ ನಾಡು ಕಲ್ಲಿದ್ದಲಿನ ಮನೆಯ ಒಕ್ಕಲಾದುದು. ಇಂದು ಅಲ್ಲಿ 1720 ಮೆಗಾವಾಟ್, ಬಳ್ಳಾರಿಯ ಕುಡಿತಿನಿಯಲ್ಲಿ 1700, ಯರಮರಸಿನಲ್ಲಿ 1600. ಸಿಂಗರೇಣಿಯಿಂದ, ಮಹಾರಾಷ್ಟ್ರದಿಂದ, ಒಡಿಶಾದಿಂದ ರೈಲುಗಳಲ್ಲಿ ಇದ್ದಲು ಬರಬೇಕು. ಉಡುಪಿಯ ಸ್ಥಾವರವು ಸಮುದ್ರದಾಚೆಯ ಇದ್ದಲನ್ನು ನಂಬಿ ಕಟ್ಟಿದ್ದು. ವಿದ್ಯುತ್ತು ರಾಜ್ಯವೆಲ್ಲ ಹರಿದು ಹೋಗುತ್ತದೆ. ಬೂದಿಯ ಹೊಂಡ ರಾಯಚೂರು, ಬಳ್ಳಾರಿಯ ಹಳ್ಳಿಗಳ ಪಕ್ಕದಲ್ಲಿಯೇ ಉಳಿಯುತ್ತದೆ. ಬೂದಿಗೆ ಮಾತ್ರ ಯಾರೂ ಸರಾಸರಿ ಹಾಕುವುದಿಲ್ಲ.

ಕೊಡುವಾಗ ಎಲ್ಲ ತಲೆಯೂ ಒಂದೇ

ಬಳಸುವಾಗ ತಲೆತಲೆಗೆ ಇಷ್ಟು ಭೇದವಿರುವಾಗ, ಕೊಡುವಾಗ ಹೇಗಿದೆ ನೋಡಿ. 2010ರಲ್ಲಿ ಕೇಂದ್ರ ಸರಕಾರ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿತು. ಹೊಗೆಯಿಲ್ಲದ ಶಕ್ತಿಯನ್ನು ಬೆಳೆಸಲು ಒಂದು ನಿಧಿ ಕೂಡಿಸುವುದೆಂದು ಕಾರಣ ಹೇಳಿತು. ಕಾರಣ ಒಳ್ಳೆಯದೇ. 2014ರಲ್ಲಿ ಅದು 100, 2015ರಲ್ಲಿ 200, 2016ರಲ್ಲಿ 400 ರೂಪಾಯಿ ಆಯಿತು. ತಲೆಗೆ 900 ಕಿಲೋ ಎಂದರೆ ತಲೆಗೆ ವರ್ಷಕ್ಕೆ 360 ರೂಪಾಯಿ. ಯೂನಿಟ್ಟಿಗೆ 28 ಪೈಸೆಯ ಆಸುಪಾಸು.

ಆ ಹಣ ಎಲ್ಲಿಗೆ ಹೋಯಿತು? 2010-11ರಿಂದ 2017-18ರವರೆಗೆ ಸುಮಾರು 86 ಸಾವಿರ ಕೋಟಿ ರೂಪಾಯಿ ಕೂಡಿತು. ಅದರಲ್ಲಿ ನಿಧಿಗೆ ವರ್ಗವಾದುದು ಸುಮಾರು 29 ಸಾವಿರ ಕೋಟಿ. ಯೋಜನೆಗಳಿಗೆ ನಿಜವಾಗಿ ಖರ್ಚಾದುದು 16 ಸಾವಿರ ಕೋಟಿಯೂ ಇಲ್ಲ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಈ ಸೆಸ್ಸನ್ನೇ ರಾಜ್ಯಗಳ ತೆರಿಗೆ ನಷ್ಟ ತುಂಬುವ ಚೀಲಕ್ಕೆ ಸೇರಿಸಿದರು. 2025ರ ಸೆಪ್ಟೆಂಬರ್ 22ರಿಂದ ಆ 400 ರೂಪಾಯಿ ಹೋಗಿ, ಕಲ್ಲಿದ್ದಲಿನ ಮೇಲಿನ ಜಿ.ಎಸ್.ಟಿ. ಶೇಕಡಾ 5ರಿಂದ 18ಕ್ಕೆ ಏರಿತು. ಹೆಸರು ಬದಲಾಯಿತು, ದಾರಿ ಬದಲಾಯಿತು. ಹೊಗೆಯ ಹೆಸರಿನಲ್ಲಿ ಎತ್ತಿದ ಹಣದಲ್ಲಿ ಗಣಿಯ ಊರಿಗೆ, ಗಣಿಯ ಕೂಲಿಗಾರನ ನಾಳೆಗೆ ಏನನ್ನು ಎತ್ತಿಟ್ಟಿದ್ದಾರೆ ಎಂದು ಕೇಳಿದರೆ ತೋರಿಸಲು ಒಂದು ಪೆಟ್ಟಿಗೆಯೂ ಇಲ್ಲ.

“ಮನೆಯ ಬಿಲ್ಲು ಸೊನ್ನೆಯಲ್ಲವೆ, ನಿಮಗೇನು ಭಾರ?” ಎಂದು ಕೆಲವರು ಕೇಳುವುದುಂಟು. 2023ರಿಂದ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಬಂದು ಬಡ ಮನೆಗಳಿಗೆ ಉಸಿರು ಬಂದಿರುವುದು ನಿಜ. ಆದರೆ ಹಿಟ್ಟಿನ ಗಿರಣಿಗೆ, ಕಿರಾಣಿ ಅಂಗಡಿಗೆ, ಝೆರಾಕ್ಸ್ ಇಟ್ಟುಕೊಂಡವನಿಗೆ, ನಾಲ್ಕು ವಿದ್ಯುತ್ ಮಗ್ಗ ಹೂಡಿದವನಿಗೆ ಬಿಲ್ಲು ಸೊನ್ನೆಯಲ್ಲ. ಇದ್ದಲಿನ ಮೇಲಿನ ತೆರಿಗೆ ಯೂನಿಟ್ಟಿನ ದರದಲ್ಲಿ ಸೇರಿ ಅವನ ಅಂಗಡಿಗೆ ಬರುತ್ತದೆ; ಅಲ್ಲಿಂದ ಕಿಲೋ ಹಿಟ್ಟಿನ ಬೀಸುವ ಕೂಲಿಯಲ್ಲಿ ಸೇರಿ ಸೊನ್ನೆ ಬಿಲ್ಲಿನ ಮನೆಗೂ ಬರುತ್ತದೆ. 2022ರ ಏಪ್ರಿಲ್, ಮೇ ತಿಂಗಳುಗಳಲ್ಲಿ ದೇಶದಲ್ಲಿ ಇದ್ದಲಿನ ಅಭಾವ ಬಿದ್ದಾಗ ಇದನ್ನು ಕಣ್ಣಾರೆ ಕಂಡೆವು. ಇದ್ದಲಿನ ಗಾಡಿಗಳಿಗೆ ದಾರಿ ಬಿಡಲೆಂದು ನೂರಾರು ಪ್ಯಾಸೆಂಜರ್ ರೈಲು ಸಂಚಾರಗಳನ್ನು ರದ್ದು ಮಾಡಿದರು. ದುಬಾರಿ ಹೊರದೇಶದ ಇದ್ದಲನ್ನು ನೂರಕ್ಕೆ ಹತ್ತರಂತೆ ಬೆರೆಸಬೇಕೆಂದು ಸ್ಥಾವರಗಳಿಗೆ ಕೇಂದ್ರದ ಆಜ್ಞೆ ಬಂತು. ಆ ವರ್ಷ ಇಂಧನ ಹೊಂದಾಣಿಕೆ ಶುಲ್ಕವೆಂದು ನಮ್ಮ ಬಿಲ್ಲಿನಲ್ಲಿ ಒಂದು ಸಾಲು ದಪ್ಪವಾಯಿತು. ತಂಪು ಕೋಣೆಯ ಯಂತ್ರ ನಿಲ್ಲಬಾರದೆಂದು ಮೂರನೇ ದರ್ಜೆಯ ಪ್ರಯಾಣಿಕ ಪ್ಲಾಟ್‌ಫಾರಮ್ಮಿನಲ್ಲಿ ನಿಂತ.

ಅಗೆಯುವ ತಲೆಗಳು

ಇದ್ದಲನ್ನು ಉರಿಸುವವರ ತಲೆ ಎಣಿಸಿದ್ದಾಯಿತು. ಅಗೆಯುವವರ ತಲೆಯನ್ನೂ ಎಣಿಸೋಣ. 2002-03ರ ಹೊತ್ತಿಗೆ ಕೋಲ್ ಇಂಡಿಯಾ 29 ಕೋಟಿ ಟನ್ನು ತೆಗೆಯುತ್ತಿತ್ತು. ಖಾಯಂ ಕೆಲಸಗಾರರು ಐದು ಲಕ್ಷದ ಆಸುಪಾಸು. 2024-25ರಲ್ಲಿ ಅದೇ ಸಂಸ್ಥೆ 78 ಕೋಟಿ ಟನ್ನು ತೆಗೆಯಿತು; ಖಾಯಂ ಕೆಲಸಗಾರರು ಎರಡೂಕಾಲು ಲಕ್ಷದ ಆಸುಪಾಸು. ಇದ್ದಲು ಎರಡೂವರೆ ಪಟ್ಟು ಮೀರಿತು, ಖಾಯಂ ತಲೆ ಅರ್ಧಕ್ಕೆ ಇಳಿಯಿತು. ನೆಲ ಬಗೆಯುವ ದೊಡ್ಡ ಯಂತ್ರಗಳು ಬಂದುದು ಒಂದು ಕಾರಣ; ಗುತ್ತಿಗೆದಾರ ಬಂದುದು ಇನ್ನೊಂದು. ಖಾಯಂ ನೌಕರನಿಗೆ ಭವಿಷ್ಯನಿಧಿ, ಪಿಂಚಣಿ, ಸಂಘದ ಬಲ ಇವೆ. ಗುತ್ತಿಗೆಯವನಿಗೆ ಇವು ಕಾಗದದಲ್ಲಿ ಇದ್ದರೂ ಕೈಗೆ ಸಿಗುವುದು ಕಷ್ಟ. ನಮ್ಮ ಗಿರಣಿಗಳಲ್ಲಿ ಬದಲಿ ಕೆಲಸಗಾರನಾಗಿ ವರ್ಷಗಟ್ಟಲೆ ದುಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಝರಿಯಾದಲ್ಲಿ ನೆಲದಡಿಯ ಬೆಂಕಿ 1916ರಿಂದ ಉರಿಯುತ್ತಿದೆ. ಅದರ ಮೇಲೆಯೇ ಮನೆ ಕಟ್ಟಿಕೊಂಡವರನ್ನು ಬೇರೆಡೆಗೆ ಒಯ್ಯಲು 2009ರಲ್ಲಿ ಒಂದು ಯೋಜನೆ ಮಂಜೂರಾಯಿತು. 2025ರಲ್ಲಿ ಅದನ್ನೇ ಪರಿಷ್ಕರಿಸಿ ಮತ್ತೊಮ್ಮೆ ಮಂಜೂರು ಮಾಡಿದರು. ಬೆಂಕಿಗೆ ನೂರು ವರ್ಷ ದಾಟಿತು. ಯಾರಿಗಾಗಿ ಇದ್ದಲು ತೆಗೆದರೋ ಅವರಾರೂ ಆ ನೆಲದ ಮೇಲೆ ಮಲಗಿಲ್ಲ.

ಇಳಿಯುವ ಕಾಲ

ಈಗ ಮುಖ್ಯ ಮಾತಿಗೆ ಬರುತ್ತೇನೆ. ಏರಿದ ಅಂಕಿ ಇಳಿಯಲೇಬೇಕು. 2070ಕ್ಕೆ ಹೊಗೆಯ ಲೆಕ್ಕವನ್ನು ಸೊನ್ನೆಗೆ ತರುವೆವೆಂದು ನಮ್ಮ ಸರಕಾರವೇ ಗ್ಲಾಸ್ಗೋದಲ್ಲಿ ವಚನ ಕೊಟ್ಟಿದೆ. ಇಳಿಯುವಾಗ ಭಾರ ಯಾರ ಮೇಲೆ ಬೀಳುತ್ತದೆಂಬುದಕ್ಕೆ ಬ್ರಿಟನ್ನಿನ ಕಥೆ ಸಾಕು. ಅಲ್ಲಿ 1956ರಲ್ಲಿ ತಲೆಗೆ ನಾಲ್ಕು ಟನ್ನು ದಾಟಿದ್ದುದು 1980ರ ಹೊತ್ತಿಗೆ ಎರಡು ಟನ್ನಿನ ಮಟ್ಟಕ್ಕೆ ಬಂತು. 1984ರ ಮಾರ್ಚಿನಲ್ಲಿ, ಇಪ್ಪತ್ತು ಗಣಿ ಮುಚ್ಚಿ ಇಪ್ಪತ್ತು ಸಾವಿರ ಕೆಲಸ ತೆಗೆಯುವೆವೆಂದು ಥ್ಯಾಚರ್ ಅವರ ಆಡಳಿತ ಕಾಲದಲ್ಲಿ ಕಲ್ಲಿದ್ದಲು ಮಂಡಳಿ ಹೊರಟಾಗ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಒಂದು ವರ್ಷ ಹೊಟ್ಟೆ ಕಟ್ಟಿ ಹೋರಾಡಿ 1985ರ ಮಾರ್ಚಿನಲ್ಲಿ ಸೋತು ಗಣಿಗೆ ಮರಳಿದರು. ಮುಷ್ಕರದ ಮುಂಚೆ ಒಂದೂಮುಕ್ಕಾಲು ಲಕ್ಷಕ್ಕೂ ಮೀರಿ ಇದ್ದ ಗಣಿಗಾರರು 1990ರ ದಶಕದ ಕೊನೆಗೆ ಇಪ್ಪತ್ತು ಸಾವಿರಕ್ಕೂ ಕೆಳಗಾದರು. 2015ರ ಡಿಸೆಂಬರಿನಲ್ಲಿ ಕೆಲ್ಲಿಂಗ್ಲಿಯ ಕೊನೆಯ ಆಳದ ಗಣಿ ಮುಚ್ಚಿತು. 2024ರ ಸೆಪ್ಟೆಂಬರ್ 30ರಂದು ರ‍್ಯಾಟ್‌ಕ್ಲಿಫ್‌ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಆರಿತು. ಇಂದು ಅಲ್ಲಿ ತಲೆಗೆ ಮೂವತ್ತು ನಲವತ್ತು ಕಿಲೋ. 1900ರಲ್ಲಿ ಭಾರತದಲ್ಲಿದ್ದ ಮಟ್ಟದ ಹತ್ತಿರ ಹತ್ತಿರ!

ಗಾಳಿ ಶುದ್ಧವಾದುದು ಒಳ್ಳೆಯದಾಯಿತು. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಹೊಗೆಮಂಜು ಸಾವಿರಾರು ಜನರನ್ನು ಕೊಂದುದನ್ನು ಯಾರೂ ಮರೆತಿಲ್ಲ. ಆದರೆ ಶುದ್ಧ ಗಾಳಿ ಎಲ್ಲರಿಗೂ ದೊರೆತು, ಅದರ ಬೆಲೆ ಗಣಿಯ ಊರುಗಳು ಮಾತ್ರ ತೆತ್ತವು.

ಬೇರೆ ದಾರಿಯೇ ಇರಲಿಲ್ಲವೆ? ಇತ್ತು. ಜರ್ಮನಿಯಲ್ಲಿ 2007ರಲ್ಲಿ ಸರಕಾರ, ಕಂಪನಿ, ಕಾರ್ಮಿಕ ಸಂಘ ಮೂವರೂ ಕುಳಿತು, 2018ರ ಕೊನೆಗೆ ಕಪ್ಪು ಕಲ್ಲಿದ್ದಲಿನ ಗಣಿಗಳನ್ನು ಮುಚ್ಚುವುದೆಂದು ಒಪ್ಪಿದರು. ಹನ್ನೊಂದು ವರ್ಷದ ಕಾಲಾವಕಾಶ. ವಯಸ್ಸಾದವರಿಗೆ ಮುಂಚಿನ ಪಿಂಚಣಿ, ಕಿರಿಯರಿಗೆ ಬೇರೆ ಕೆಲಸದ ತರಬೇತಿ. 2018ರ ಡಿಸೆಂಬರಿನಲ್ಲಿ ಬೋಟ್ರೋಪ್ ಪಟ್ಟಣದ ಕೊನೆಯ ಗಣಿ ಮುಚ್ಚಿದಾಗ ಯಾರನ್ನೂ ಬಲವಂತವಾಗಿ ಬೀದಿಗೆ ಹಾಕಲಿಲ್ಲ. ಅದು ದಾನವಾಗಿ ಬಂದುದಲ್ಲ. ಸಂಘಟನೆಯ ಬಲದಿಂದ ಬಂದುದು.

ನಮ್ಮಲ್ಲಿ ಹೊಸ ಶಕ್ತಿ ಆಗಲೇ ಬಂದಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2050 ಮೆಗಾವಾಟ್ ಬಿಸಿಲಿನ ವಿದ್ಯುತ್ ಉದ್ಯಾನ ಇದೆ. ರೈತರ ಭೂಮಿಯನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗೇಣಿಗೆ ಪಡೆದದ್ದು ಮೆಚ್ಚತಕ್ಕ ಸಂಗತಿ. ಆದರೆ ಗೇಣಿ ಸಿಕ್ಕುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವನಿಗೆ ಏನು ಗೇಣಿ? ಕಲ್ಲಿದ್ದಲು ಹೋಗಿ ಬಿಸಿಲು ಬಂದರೂ ಪಟ್ಟಿಯಲ್ಲಿ ಹೆಸರಿಲ್ಲದ ತಲೆಗಳು ಮತ್ತೆ ಅವೇ ತಲೆಗಳು. ನನ್ನ ಶಾಲೆಯ ಆ ಹತ್ತು ಮಕ್ಕಳಂತೆ.

ಆದುದರಿಂದ ನಾವು ಕೇಳತಕ್ಕುದು ಮೂರು. ಒಂದು, ದೇಶದ ಕಲ್ಲಿದ್ದಲು ಮತ್ತು ವಿದ್ಯುತ್ತು ಯಾವ ವರ್ಗದ ಮನೆಗೆ, ಯಾವ ಉದ್ಯಮಕ್ಕೆ ಎಷ್ಟು ಹೋಗುತ್ತಿದೆ ಎಂಬ ಲೆಕ್ಕವನ್ನು ವರ್ಷ ವರ್ಷವೂ ಜನರ ಭಾಷೆಯಲ್ಲಿ ಪ್ರಕಟಿಸಬೇಕು. ಎರಡು, ಕಲ್ಲಿದ್ದಲಿನ ಮೇಲೆ ಎತ್ತುವ ತೆರಿಗೆಯಲ್ಲಿ ಒಂದು ನಿಶ್ಚಿತ ಪಾಲನ್ನು ಗಣಿಯ ಊರುಗಳಿಗೂ ಬೂದಿಯ ಹಳ್ಳಿಗಳಿಗೂ ಕೆಲಸ ಕಳೆದುಕೊಳ್ಳುವವರಿಗೂ ಕಟ್ಟಿಡಬೇಕು. ಅದನ್ನು ಬೇರೆ ಚೀಲಕ್ಕೆ ಸುರಿಯಕೂಡದು. ಮೂರು, ಗಣಿ ಅಥವಾ ಸ್ಥಾವರ ಮುಚ್ಚುವುದಾದರೆ ತಾರೀಖನ್ನು ವರ್ಷಗಳ ಮುಂಚೆ ಹೇಳಿ, ಗುತ್ತಿಗೆ ಕೆಲಸಗಾರನನ್ನೂ ಸೇರಿಸಿಕೊಂಡು ಸಂಘಗಳೊಡನೆ ಒಪ್ಪಂದ ಮಾಡಿಕೊಳ್ಳಬೇಕು. ಶಕ್ತಿನಗರದ ಹಳೆಯ ಘಟಕಗಳಿಗೆ ನಲವತ್ತು ವರ್ಷವಾಯಿತು. ಈ ಮಾತು ನಮ್ಮ ಮನೆ ಬಾಗಿಲಿಗೇ ಬರುವ ದಿನ ದೂರವಿಲ್ಲ.

ಧನಬಾದಿನ ಗಣಿಗಾರನ ವಿಚಾರ ನಮಗೇಕೆ ಎಂದು ಗಿರಣಿಯ ಗೆಳೆಯರು ಅಂದುಕೊಳ್ಳಬಾರದು. ಗಿರಣಿ ಮುಚ್ಚಿದಾಗ ನಮ್ಮ ಊರುಗಳಲ್ಲಿ ಏನಾಯಿತೆಂಬುದನ್ನು ಬಲ್ಲಿರಿ. ಕೆಲಸಗಾರನ ಬಾಕಿ ವರ್ಷಗಟ್ಟಲೆ ಕೋರ್ಟಿನಲ್ಲಿ ಉಳಿಯಿತು. ಅವನ ಲೆಕ್ಕದ ಪುಸ್ತಕ ಹಿಡಿದು ಸಾಮಾನು ಕೊಟ್ಟಿದ್ದ ಕಿರಾಣಿಯವನ ಬಾಕಿಯೂ ಅದರೊಡನೆ ಮುಳುಗಿತು. ಗಣಿಯ ಊರಿನಲ್ಲಿಯೂ ಕೂಲಿಗಾರನ ಹಿಂದೆ ಅಂಗಡಿಯವನು ಇದ್ದಾನೆ.

ಈ ಭಾನುವಾರ ಸಂಜೆ ಗಿರಣಿಯ ಗೇಟಿನ ಮುಂದೆ ಮತ್ತೆ ಸಭೆ ಇದೆ. ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತರುತ್ತೇನೆ. ಬರುವವರು ತಮ್ಮ ಮನೆಯ, ಅಂಗಡಿಯ ಕರೆಂಟಿನ ಬಿಲ್ಲನ್ನು ಜೊತೆಗೆ ತರಬೇಕು. ನೂಲಿನ ಖಾತೆಯ ಗೆಳೆಯ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಲಿ. ಅವನ ನಾಲ್ಕೂವರೆ ಟನ್ನಿನಲ್ಲಿ ಅರ್ಧ ಟನ್ನು ಮಾತ್ರ ನನಗೆ ಸಿಕ್ಕಿತು. ಉಳಿದ ನಾಲ್ಕು ಟನ್ನು ಎಲ್ಲಿ ಇಳಿಯಿತೆಂಬುದನ್ನು ನಾವೆಲ್ಲ ಸೇರಿ ಕೇಳಬೇಕಾಗಿದೆ.